ಮ್ಯಾನುಯಲ್ ಫೆರಾರಿ ಎಫ್430ಗೆ ಯಾಕೆ ಅಷ್ಟು ಬೆಲೆ?
ಎಂಜಿನ್ ಒಂದೇ, ಬಾಡಿ ಒಂದೇ. ಆದರೂ ಸ್ಟೀರಿಂಗ್ ಹಿಂದಿನ ಪ್ಯಾಡಲ್ ಎಳೆದು ಗೇರ್ ಬದಲಿಸುವ 'ಎಫ್1' ಗಾಡಿಗಿಂತ ಮ್ಯಾನುಯಲ್‌ಗೆ ಬೆಲೆ ಜಾಸ್ತಿ ಯಾಕೆ ಅಂತ ಕೇಳಿದ್ದೀರಿ.

ಮುಖ್ಯ ಕಾರಣ, ಸಿಗುವುದೇ ಅಪರೂಪ. ಎಫ್430 ಬಂದಿದ್ದು 2004ರಲ್ಲಿ. ಆಗ ಹೆಚ್ಚಿನವರು ಪ್ಯಾಡಲ್ಲನ್ನೇ ಆರಿಸಿಕೊಂಡರು. ಫಾರ್ಮುಲಾ 1 ರೇಸ್ ಕಾರಿನ ತಂತ್ರ ಕೈಗೆ ಸಿಕ್ಕರೆ ಯಾರು ಬಿಡುತ್ತಾರೆ, ಅಲ್ವಾ? ಇದರ ನಂತರ ಬಂದ ಫೆರಾರಿ 458 ಮಾದರಿಯಲ್ಲಂತೂ ಮ್ಯಾನುಯಲ್ ಇರಲೇ ಇಲ್ಲ.

ಎಫ್1 ಅನ್ನುವುದು ಮಾಮೂಲಿ ಆಟೋಮ್ಯಾಟಿಕ್ ಅಲ್ಲ. ಒಳಗಿರುವುದು ಮ್ಯಾನುಯಲ್‌ನಂಥದ್ದೇ ಒಂಟಿ ಕ್ಲಚ್ಚಿನ ಗೇರ್‌ಬಾಕ್ಸ್. ಕ್ಲಚ್ ಒತ್ತುವುದು, ಗೇರ್ ಬದಲಿಸುವುದು ಎರಡನ್ನೂ ಪಂಪ್ ಕೊಡುವ ಎಣ್ಣೆಯ ಒತ್ತಡ, ಅಂದರೆ ಹೈಡ್ರಾಲಿಕ್ಸ್ ಮಾಡುತ್ತದೆ. ನಿಧಾನವಾಗಿ ಹೋಗುವಾಗ ಜರ್ಕ್ ಹೊಡೆಯುತ್ತದೆ, ಪಂಪ್ ಕೆಟ್ಟರೆ ರಿಪೇರಿ ದುಬಾರಿ. ಗೇರ್ ಬದಲಿಸುವ ವೇಗದಲ್ಲಿ ಎರಡು ಕ್ಲಚ್ಚಿನ (ಡ್ಯುಯಲ್ ಕ್ಲಚ್) ಗೇರ್‌ಬಾಕ್ಸ್ ಇದನ್ನು ಯಾವತ್ತೋ ಹಿಂದೆ ಹಾಕಿತು. ಆದರೆ ಮ್ಯಾನುಯಲ್‌ನ ಲೋಹದ ಗೇಟಿನಲ್ಲಿ (ಪ್ರತಿ ಗೇರ್‌ಗೂ ಸೀಳು ಇರುವ ತಟ್ಟೆ) ಗೇರ್ ಲಿವರ್ 'ಟಕ್' ಅಂತ ಕೂರುವ ಸುಖಕ್ಕೆ ಬದಲಿ ಇನ್ನೂ ಬಂದಿಲ್ಲ. ನಾನಾದರೆ ಕಾದು ಮ್ಯಾನುಯಲ್ಲೇ ತೆಗೆದುಕೊಳ್ಳುತ್ತೇನೆ.