ಆಟಗಾರರಾಗದೆ ಕ್ರೀಡಾ ಕ್ಷೇತ್ರದಲ್ಲಿ ಕೆಲಸ ಸಿಗುತ್ತಾ?

ಖಂಡಿತ ಸಿಗುತ್ತದೆ. ರಾಷ್ಟ್ರಮಟ್ಟದಲ್ಲಿ ಆಡದವರಿಗೆ ಬೆಂಗಳೂರಲ್ಲಿ ದಾರಿ ಇದೆಯಾ ಅಂತ ನೀವು ಕೇಳಿದ್ದು, ಅಲ್ವಾ? ಇದೆ, ಯಾಕೆಂದರೆ ಒಬ್ಬ ಆಟಗಾರ್ತಿ ಮೈದಾನಕ್ಕಿಳಿಯಬೇಕಾದರೆ ಹಿಂದೆ ಹಲವರು ದುಡಿಯಬೇಕು.

ಜ್ಞಾನಭಾರತಿ ಕಡೆಯ ಸಾಯ್ ಕೇಂದ್ರವನ್ನೇ ನೋಡಿ. ಸಾಯ್ ಅಂದರೆ ಭಾರತೀಯ ಕ್ರೀಡಾ ಪ್ರಾಧಿಕಾರ. ಹಾಕಿ ತಂಡಗಳ ರಾಷ್ಟ್ರೀಯ ಶಿಬಿರ ಹೆಚ್ಚಾಗಿ ನಡೆಯೋದು ಅಲ್ಲೇ. ಆಟಗಾರರು ಬೆನ್ನಿಗೆ ಪುಟ್ಟ ಜಿಪಿಎಸ್ ಸಾಧನ ಕಟ್ಟಿಕೊಂಡು ಓಡುತ್ತಾರೆ. ಯಾರು ಎಷ್ಟು ಓಡಿದರು, ನಾಳೆ ಯಾರಿಗೆ ಕಸರತ್ತು ಕಡಿಮೆ ಮಾಡಬೇಕು ಅಂತ ಆ ಅಂಕಿ ನೋಡಿ ಹೇಳೋದು ಕ್ರೀಡಾ ವಿಜ್ಞಾನ ಓದಿದವರ ಕೆಲಸ. ಜೊತೆಗೆ ಫಿಸಿಯೋ, ಆಹಾರ ತಜ್ಞರು, ವಿಡಿಯೋ ಅನಲಿಸ್ಟ್ ಬೇಕು. 2014ರಲ್ಲಿ ಶುರುವಾದ ಟಾಪ್ಸ್ ಯೋಜನೆಯಲ್ಲಿ ಒಲಿಂಪಿಕ್ಸ್ ಪದಕದ ಭರವಸೆ ಇರುವವರಿಗೆ ಸರ್ಕಾರ ದುಡ್ಡು ಕೊಡುತ್ತದೆ. ವಿದೇಶಿ ತರಬೇತಿ, ಸಲಕರಣೆಯ ಜೊತೆ ಇಂಥ ಸಹಾಯಕರ ಖರ್ಚೂ ಅದರಲ್ಲೇ ಬರುತ್ತದೆ. ತೊಂದರೆ ಏನಪ್ಪಾ ಅಂದರೆ, ಇವು ಬಹುಪಾಲು ಗುತ್ತಿಗೆ ಕೆಲಸ.

ಬಡಾವಣೆ, ಶಾಲೆ ಮಟ್ಟದ್ದು ಬೇರೆ ಥರ. ಪಿಟಿ ಮೇಷ್ಟ್ರಾಗಲು ಬಿ.ಪಿ.ಎಡ್, ಅಂದರೆ ದೈಹಿಕ ಶಿಕ್ಷಣದ ಪದವಿ ಓದಿ. ಕೋಚ್ ಆಗಬೇಕಾದರೆ ಪಟಿಯಾಲದ ಎನ್‌ಐಎಸ್ (ರಾಷ್ಟ್ರೀಯ ಕ್ರೀಡಾ ಸಂಸ್ಥೆ) ಡಿಪ್ಲೊಮಾಗೆ ಬೆಲೆ ಜಾಸ್ತಿ.

ಸುಮ್ನೆ ಕೋರ್ಸಿಗೆ ದುಡ್ಡು ಸುರಿಯುವ ಮೊದಲು ಯಾವುದಾದರೂ ಕ್ರೀಡಾಕೂಟಕ್ಕೆ ಸ್ವಯಂಸೇವಕರಾಗಿ ಹೋಗಿ. ಬೆಳಗ್ಗೆ ಆರಕ್ಕೇ ಕಂಠೀರವದ ಟ್ರ್ಯಾಕ್ ಪಕ್ಕ ನಿಂತು ಚೆಸ್ಟ್ ನಂಬರ್ ಹಂಚೋದು, ಹೆಸರು ಬರೆದುಕೊಳ್ಳೋದು, ಇಂಥವೇ ಕೆಲಸ. ಆದರೆ ಎಲ್ಲೆಲ್ಲಿ ಜನ ಬೇಕಾಗಿದ್ದಾರೆ ಅನ್ನೋ ಸುದ್ದಿ ಮೊದಲು ಸಿಗೋದು ಅಲ್ಲಿಗೆ ಬರುವ ಕೋಚ್‌ಗಳಿಂದಲೇ.