ಸಸಿ ನೆಡಲು ಪಾಠವೇಕೆ? – ಸಂಪಾದಕರ ಉತ್ತರ

ಮಾನ್ಯರೇ,

ಬಡಾವಣೆಯ ಸ್ವಯಂಸೇವಕರಿಗೆ ಮರ ನೆಡುವ ಮತ್ತು ಪೋಷಿಸುವ ತರಬೇತಿ ಕೊಡಬೇಕೆಂದು ಕಳೆದ ಸಂಚಿಕೆಯಲ್ಲಿ ನಾವು ಬರೆದುದಕ್ಕೆ ಪ್ರತಿಯಾಗಿ ನೀವು ಕಳುಹಿಸಿದ ಪತ್ರ ತಲುಪಿದೆ. ಅದರಲ್ಲಿ ಮೂರು ಮಾತುಗಳಿವೆ. ಗುಂಡಿ ತೋಡಿ, ಸಸಿ ಇಟ್ಟು, ನೀರು ಹಾಕುವುದಕ್ಕೆ ಯಾವ ಪಾಠವೂ ಬೇಕಿಲ್ಲ ಎಂಬುದು ಮೊದಲನೆಯದು. ತರಬೇತಿ, ಪ್ರಮಾಣಪತ್ರ ಎಂದೆಲ್ಲ ಹೊರಟರೆ ಉತ್ಸಾಹದಿಂದ ಬಂದವರು ಬಾಗಿಲಿನಿಂದಲೇ ಹಿಂದಿರುಗುತ್ತಾರೆ ಎಂಬುದು ಎರಡನೆಯದು. ನಿಮ್ಮ ಬಡಾವಣೆಯಲ್ಲಿ ನೆಟ್ಟ ಸಸಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೂರು ವರ್ಷಗಳೊಳಗೆ ಒಣಗಿಹೋದದ್ದಕ್ಕೆ ಜನರ ನಿರಾಸಕ್ತಿಯೇ ಕಾರಣ, ತಿಳಿವಳಿಕೆಯ ಕೊರತೆಯಲ್ಲ ಎಂಬುದು ಮೂರನೆಯದು. ಎರಡನೆಯ ಮಾತನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ಉಳಿದೆರಡನ್ನು ಒಪ್ಪಲಾರೆ, ಒಪ್ಪದಿರುವುದಕ್ಕೆ ಬೇಕಾದ ಸಾಕ್ಷ್ಯ ನಿಮ್ಮ ಪತ್ರದಲ್ಲಿಯೇ ಇದೆ.

ಒಣಗಿದ ಸಸಿಗಳಲ್ಲಿ ಹೆಚ್ಚಿನವು ತಪ್ಪದೆ ನೀರುಂಡವುಗಳೇ ಎಂದೂ, ಮೊದಲೆರಡು ವರ್ಷ ಹಸಿರಾಗಿಯೇ ಇದ್ದು ಆಮೇಲೆ ತುದಿಯಿಂದ ಒಣಗತೊಡಗಿದವು ಎಂದೂ ನೀವು ಬರೆದಿದ್ದೀರಿ. ಈ ವಿವರವನ್ನು ನಾನು ಎರಡು ಬಾರಿ ಓದಿದೆ. ನಿರಾಸಕ್ತಿಗೆ ಬಲಿಯಾಗುವ ಸಸಿ ಸಾಮಾನ್ಯವಾಗಿ ಮೊದಲ ಬೇಸಿಗೆಯನ್ನೇ ದಾಟುವುದಿಲ್ಲ. ಆರೈಕೆ ಪಡೆದೂ ಎರಡು ಮೂರು ವರ್ಷಗಳ ನಂತರ ಸೊರಗುವ ಸಸಿಯನ್ನು ಕಂಡಾಗ ಮೊದಲು ಸಂಶಯಪಡಬೇಕಾದದ್ದು ಅದನ್ನು ನೆಟ್ಟ ರೀತಿಯನ್ನು. ಹಾಗೆ ಸಾಯುವ ಸಸಿಯ ತಪ್ಪು ನೆಟ್ಟ ದಿನವೇ ಆಗಿರುತ್ತದೆ, ಕಣ್ಣಿಗೆ ಬೀಳುವುದು ಮಾತ್ರ ತಡವಾಗಿ.

ಅತಿ ಸಾಮಾನ್ಯವಾದ ತಪ್ಪು ಆಳವಾಗಿ ನೆಡುವುದು. ಕಾಂಡವು ಬೇರಿಗೆ ತಿರುಗುವಲ್ಲಿ ಬುಡ ಸ್ವಲ್ಪ ಅಗಲಗೊಂಡು ಹರಡಿಕೊಳ್ಳುತ್ತದೆ. ಆ ಭಾಗ ನೆಲದ ಮಟ್ಟದಲ್ಲಿ ಕಣ್ಣಿಗೆ ಕಾಣುವಂತಿರಬೇಕು. ಸಸಿ ಭದ್ರವಾಗಿ ನಿಲ್ಲಲೆಂಬ ಸದುದ್ದೇಶದಿಂದ ನಾವು ಅದನ್ನು ಒಂದು ಗೇಣು ಕೆಳಗಿಳಿಸಿ, ಮೇಲೆ ಮಣ್ಣು ಎಳೆದು ತುಳಿಯುತ್ತೇವೆ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ನೀರು ಮತ್ತು ಪೋಷಕಾಂಶಗಳನ್ನು ಹೀರುವ ಎಳೆಬೇರುಗಳಲ್ಲಿ ಹೆಚ್ಚಿನವು ಮಣ್ಣಿನ ಮೇಲಿನ 30 ಸೆಂಟಿಮೀಟರಿನಲ್ಲಿಯೇ ಇರುವುದು ಇದೇ ಕಾರಣಕ್ಕೆ. ಆಳದ ಬಿಗಿ ಮಣ್ಣಿನಲ್ಲಿ ಉಸಿರು ಕಟ್ಟಿದ ಬೇರು ಹರಡುವುದಿಲ್ಲ, ಸದಾ ತೇವದಲ್ಲಿ ಹೂತ ಕಾಂಡದ ತೊಗಟೆ ಕೊಳೆಯತೊಡಗುತ್ತದೆ. ಆದುದರಿಂದಲೇ ಗುಂಡಿಯ ಅಗಲ ಬೇರಿನ ಮುದ್ದೆಯ ಎರಡು ಮೂರು ಪಟ್ಟು ಇರಲಿ, ಆಳ ಮಾತ್ರ ಮುದ್ದೆಯ ಎತ್ತರವನ್ನು ಮೀರದಿರಲಿ ಎಂದು ಕಲಿಸುತ್ತಾರೆ. ಕೇಳಲು ಸರಳವಾದ ಈ ನಿಯಮ ಗುದ್ದಲಿ ಹಿಡಿದವರ ಸ್ವಭಾವಕ್ಕೆ ವಿರುದ್ಧವಾದದ್ದು, ಏಕೆಂದರೆ ಆಳ ತೋಡಿದಷ್ಟೂ ಹೆಚ್ಚು ಕೆಲಸ ಮಾಡಿದೆವೆಂಬ ತೃಪ್ತಿ ನಮಗೆ.

ಇನ್ನೊಂದು ತಪ್ಪು ನರ್ಸರಿಯಿಂದಲೇ ಬಂದಿರುತ್ತದೆ. ಚೀಲದಲ್ಲಿ ಬಹುಕಾಲ ಬೆಳೆದ ಸಸಿಯ ಬೇರು ಹೊರಗೆ ದಾರಿ ಕಾಣದೆ ಚೀಲದ ಗೋಡೆಗುಂಟ ಸುತ್ತು ಹೊಡೆಯುತ್ತದೆ. ಚೀಲ ಹರಿದು ಹಾಗೆಯೇ ನೆಟ್ಟರೆ ಆ ಸುರುಳಿ ನೆಲದೊಳಗೂ ಸುರುಳಿಯಾಗಿಯೇ ದಪ್ಪಗಾಗುತ್ತ, ಮುಂದೆ ಕಾಂಡವನ್ನೇ ಹಗ್ಗದಂತೆ ಬಿಗಿದು, ಮರದ ಒಳಗಿನ ಹರಿವನ್ನು ತಡೆಯುತ್ತದೆ. ನೆಡುವ ಮುನ್ನ ಸುತ್ತಿಕೊಂಡ ಬೇರುಗಳನ್ನು ಬಿಡಿಸಿ ಹರಡುವುದೋ, ಬಿಡಿಸಲಾಗದವನ್ನು ಹರಿತವಾದ ಕತ್ತರಿಯಿಂದ ಕತ್ತರಿಸುವುದೋ ಅಗತ್ಯ. ಬೇರಿಗೆ ಕತ್ತರಿ ಹಾಕುವ ಧೈರ್ಯ ಓದಿದ ಮಾತ್ರಕ್ಕೆ ಯಾರಿಗೂ ಬರುವುದಿಲ್ಲ. ಪಕ್ಕದಲ್ಲಿ ನಿಂತವರೊಬ್ಬರು ಮಾಡಿ ತೋರಿಸಿ, ಮುಂದಿನದನ್ನು ನಮ್ಮ ಕೈಯಲ್ಲಿ ಮಾಡಿಸಬೇಕು. ನಾವು ತರಬೇತಿ ಎಂದದ್ದು ಇದನ್ನೇ ಹೊರತು ಭಾಷಣವನ್ನಲ್ಲ.

ನೀರಿನ ವಿಷಯವೂ ಅಷ್ಟು ನೇರವಾದದ್ದಲ್ಲ. ಮೊದಲ ಕೆಲವು ತಿಂಗಳು ಸಸಿಯ ಬೇರೆಲ್ಲ ನರ್ಸರಿಯಿಂದ ಬಂದ ಮುದ್ದೆಯೊಳಗೇ ಇರುತ್ತದೆ. ಸುತ್ತಲಿನ ಪಾತಿ ಒದ್ದೆಯಾಗಿದ್ದರೂ ಆ ಮುದ್ದೆ ಒಣಗಿರಬಹುದು. ಆದುದರಿಂದ ಆಗ ನೀರು ಬುಡದ ಹತ್ತಿರವೇ ಬೀಳಬೇಕು. ಬೇರು ಹೊರಗೆ ಚಾಚಿಕೊಂಡ ಮೇಲೆ ಪಾತಿಯನ್ನು ಅಗಲಿಸುತ್ತ, ನೀರನ್ನು ದೂರಕ್ಕೆ, ಆಳಕ್ಕೆ ಇಳಿಯುವಂತೆ, ಹೆಚ್ಚು ದಿನಗಳ ಅಂತರದಲ್ಲಿ ಕೊಡಬೇಕು. ದಿನವೂ ಒಂದು ಚೊಂಬು ಸುರಿಯುವವರ ಪ್ರೀತಿ ಮಣ್ಣಿನ ಮೇಲ್ಪದರವನ್ನಷ್ಟೇ ತೋಯಿಸುತ್ತದೆ. ಬೆರಳನ್ನೋ ಕಡ್ಡಿಯನ್ನೋ ಮಣ್ಣಿಗೆ ಚುಚ್ಚಿ ತೇವ ನೋಡಿ ನಿರ್ಧರಿಸುವವರು ಕಡಿಮೆ ನೀರಿನಲ್ಲಿ ಹೆಚ್ಚು ಸಸಿಗಳನ್ನು ಉಳಿಸುತ್ತಾರೆ.

ಒಣ ಎಲೆ, ತರಗು, ತೊಗಟೆಚೂರುಗಳ ಹೊದಿಕೆಯನ್ನು ಐದರಿಂದ ಹತ್ತು ಸೆಂಟಿಮೀಟರ್ ದಪ್ಪಕ್ಕೆ, ಕಾಂಡಕ್ಕೆ ತಾಗದಂತೆ ಬಳೆಯ ಆಕಾರದಲ್ಲಿ ಹಾಸಬೇಕು, ಕಾಂಡದ ಸುತ್ತ ಗುಪ್ಪೆ ಹಾಕಬಾರದು. ಊರುಗೋಲು ಅಗತ್ಯವಿದ್ದಲ್ಲಿ ಮಾತ್ರ, ಕಟ್ಟು ಸಡಿಲವಾಗಿರಲಿ. ಗಾಳಿಗೆ ತೂಗಿದ ಕಾಂಡವೇ ದಪ್ಪಗಾಗುವುದು. ಬಿಗಿಯಾಗಿ ಕಟ್ಟಿಸಿಕೊಂಡ ಸಸಿ ಎತ್ತರಕ್ಕೆ ಹೋಗಿ, ಕಟ್ಟು ಬಿಚ್ಚಿದ ದಿನ ಬಾಗುತ್ತದೆ. ಒಂದು ವರ್ಷದೊಳಗೆ ಬಿಚ್ಚಬೇಕಾದ ಈ ಕಟ್ಟನ್ನು ಬಿಚ್ಚುವವರಿಲ್ಲದೆ, ಹಗ್ಗವನ್ನೂ ಕಬ್ಬಿಣದ ಕಾವಲುಬೋನನ್ನೂ ತನ್ನೊಳಗೆ ನುಂಗಿಕೊಂಡು ನಿಂತಿರುವ ಮರಗಳನ್ನು ನೀವೂ ಕಂಡಿರಬಹುದು. ನೆಟ್ಟವರಿಗೆ ಸನ್ಮಾನವಾಗಿರುತ್ತದೆ, ಬಿಚ್ಚಬೇಕಾದವರು ಯಾರೆಂದು ಗೊತ್ತಾಗಿರುವುದೇ ಇಲ್ಲ.

ಕೊಂಬೆ ಸವರುವ ಕೆಲಸಕ್ಕೆ ಬಂದರೆ, ಪಾಠ ಬೇಡವೆನ್ನುವ ವಾದ ಇಲ್ಲಿ ಪೂರ್ತಿ ಸೋಲುತ್ತದೆ ಎಂದು ನನ್ನ ಅಭಿಪ್ರಾಯ. ಅಮೆರಿಕದ ಅರಣ್ಯ ವಿಜ್ಞಾನಿ ಅಲೆಕ್ಸ್ ಶೈಗೋ ಸಾವಿರಾರು ಮರಗಳನ್ನು ಸೀಳಿ ನೋಡಿ, ಗಾಯವಾದ ಮರ ಮನುಷ್ಯನ ಚರ್ಮದಂತೆ ಹಳೆಯ ಅಂಗಾಂಶವನ್ನು ಸರಿಪಡಿಸಿಕೊಳ್ಳುವುದಿಲ್ಲ, ಕೊಳೆತವನ್ನು ಸುತ್ತಲೂ ಗೋಡೆ ಕಟ್ಟಿ ತಡೆದು ಅದರ ಹೊರಗೆ ಹೊಸದಾಗಿ ಬೆಳೆಯುತ್ತದೆ ಎಂದು ವಿವರಿಸಿದರು. ಆ ವಿವರಣೆ 1977ರಲ್ಲಿ ಪ್ರಕಟವಾಯಿತು. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಕೊರಳಪಟ್ಟಿಯಂತೆ ಉಬ್ಬಿರುವ ಭಾಗ ಈ ತಡೆಗೋಡೆಗೆ ಅತ್ಯಗತ್ಯ. ಅಂದವಾಗಿ ಕಾಣಲೆಂದು ಕಾಂಡಕ್ಕೆ ಸಮನಾಗಿ ಕೊಯ್ದರೆ ಆ ಭಾಗವೇ ಹೋಗುತ್ತದೆ; ಮೊಂಡು ಉಳಿಸಿದರೆ ಅದು ಸತ್ತು ಕೊಳೆತಕ್ಕೆ ದಾರಿಯಾಗುತ್ತದೆ. ಕೊರಳಪಟ್ಟಿಯ ಹೊರ ಅಂಚಿನಲ್ಲಿ ಕೊಯ್ಯಬೇಕು. ಭಾರವಾದ ಕೊಂಬೆಯಾದರೆ ಮೊದಲು ಸ್ವಲ್ಪ ದೂರದಲ್ಲಿ ಕೆಳಗಿನಿಂದ ಒಂದು ಗೀಟು, ಅದರಾಚೆ ಮೇಲಿನಿಂದ ಇನ್ನೊಂದು, ಭಾರ ಇಳಿದ ಮೇಲೆ ಕೊನೆಯ ಕೊಯ್ತ. ಇಲ್ಲವಾದರೆ ಬೀಳುವ ಕೊಂಬೆ ಕಾಂಡದ ತೊಗಟೆಯನ್ನೂ ಸುಲಿದುಕೊಂಡು ಹೋಗುತ್ತದೆ. ಗಾಯಕ್ಕೆ ಟಾರು, ಬಣ್ಣ ಬಳಿಯುವ ಹಳೆಯ ರೂಢಿ ಕೊಳೆಯುವುದನ್ನು ತಡೆಯುವುದಿಲ್ಲವೆಂಬುದೂ ಶೈಗೋ ಅವರ ಪರೀಕ್ಷೆಗಳಿಂದ ತಿಳಿದದ್ದೇ.

ಇಷ್ಟು ಹೇಳಿದ ಮೇಲೆ, ಸ್ವಯಂಸೇವಕರಿಗೆ ಏನನ್ನು ಕಲಿಸಬಾರದು ಎಂಬುದನ್ನೂ ಹೇಳಬೇಕು. ಏಣಿ ಹತ್ತುವುದು, ಯಂತ್ರದ ಗರಗಸ ಹಿಡಿಯುವುದು, ವಿದ್ಯುತ್ ತಂತಿಯ ಬಳಿ ಕೈ ಚಾಚುವುದು ಅವರ ಕೆಲಸವಲ್ಲ. ಎರಡೂ ಕಾಲು ನೆಲದ ಮೇಲಿದ್ದು, ಕೈಗರಗಸಕ್ಕೆ ಎಟುಕುವಷ್ಟು ಮಾತ್ರ ಅವರ ಪಾಲು, ಮಿಕ್ಕದ್ದು ವೃತ್ತಿಯವರದು. ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದು ತರಬೇತಿಯ ಅರ್ಧ ಭಾಗ ಎಂದರೆ ಅತಿಶಯೋಕ್ತಿಯಾಗದು.

ಇನ್ನು ನಾನು ಒಪ್ಪಿದ ಮಾತು. ಪರೀಕ್ಷೆ, ಶುಲ್ಕ, ಹಾಜರಾತಿ ಎಂದು ಬೇಲಿ ಕಟ್ಟಿದರೆ ಬರುವವರು ಬಿಡುವಿರುವ ಕೆಲವರೇ. ಇಡೀ ಬೀದಿಗೆ ಎಲ್ಲವನ್ನೂ ಕಲಿಸಬೇಕಾಗಿಯೂ ಇಲ್ಲ. ಬೇರು ಬಿಡಿಸುವುದು ಮತ್ತು ಕೊಂಬೆ ಕೊಯ್ಯುವುದು ಬೀದಿಗೆ ಇಬ್ಬರು ಮೂವರಿಗೆ ಕೈವಶವಾದರೆ ಸಾಕು. ಉಳಿದವರಿಗೆ ನೋಡುವುದನ್ನು ಕಲಿಸಬಹುದು: ಬುಡ ಕಾಣುತ್ತಿದೆಯೇ, ಕಟ್ಟು ಕೊರೆಯುತ್ತಿದೆಯೇ, ಹುಲ್ಲು ಕತ್ತರಿಸುವ ಯಂತ್ರ ತಗುಲಿ ತೊಗಟೆ ಕಿತ್ತಿದೆಯೇ, ಎಲೆ ತುದಿಯಿಂದ ಒಣಗುತ್ತಿದೆಯೇ. ನೋಡುವ ಈ ಕೆಲಸ ಸಣ್ಣದೆಂದು ತಿಳಿಯಬೇಡಿ. ನ್ಯೂಯಾರ್ಕ್ ನಗರದಲ್ಲಿ 2015ರಲ್ಲಿ ಆರಂಭವಾದ ಬೀದಿಮರಗಳ ಗಣತಿಯಲ್ಲಿ 2,200ಕ್ಕೂ ಹೆಚ್ಚು ಸ್ವಯಂಸೇವಕರು ಸಿಬ್ಬಂದಿಯ ಜೊತೆ ಪಾಲ್ಗೊಂಡು, 6,60,000ಕ್ಕೂ ಹೆಚ್ಚು ಮರಗಳ ಜಾತಿ, ಸುತ್ತಳತೆ, ಸ್ಥಿತಿ ದಾಖಲಾದವು. ಅವರಿಗೂ ಮೊದಲು ತರಬೇತಿ ಕೊಡಲಾಗಿತ್ತು. ಯಾವ ನಗರದ ಆಡಳಿತಕ್ಕೂ ಪ್ರತಿ ಮರದ ಬುಡಕ್ಕೆ ಬಗ್ಗಿ ನೋಡುವಷ್ಟು ಸಿಬ್ಬಂದಿ ಇರಲಾರರು. ದಿನವೂ ಅದೇ ಮರದ ಪಕ್ಕ ಹಾದುಹೋಗುವವರು ಇದ್ದಾರೆ.

ಹೊಸದಾಗಿ ನೆಡುವ ಮುನ್ನ ಮೊದಲ ತರಗತಿಯನ್ನು ಹೇಗೆ ಮಾಡಲಿ ಎಂದು ನೀವು ಪತ್ರದ ಕೊನೆಯಲ್ಲಿ, ಬಹುಶಃ ವ್ಯಂಗ್ಯವಾಗಿ, ಕೇಳಿದ್ದೀರಿ. ನಾನು ನಿಜವಾಗಿಯೇ ಉತ್ತರಿಸುತ್ತೇನೆ. ಒಣಗಿದ ಸಸಿಗಳಲ್ಲಿ ಒಂದನ್ನು, ಹಿಂದೆ ಅದಕ್ಕೆ ನೀರು ಹಾಕಿದವರನ್ನೆಲ್ಲ ಕರೆದು, ಅವರೆದುರು ನಿಧಾನವಾಗಿ ಅಗೆದು ತೆಗೆಯಿರಿ. ಎಷ್ಟು ಆಳದಲ್ಲಿ ಮೊದಲ ಬೇರು ಸಿಕ್ಕಿತೆಂದು ಅಳೆಯಿರಿ. ಮಣ್ಣನ್ನು ತೊಳೆದು ಬೇರು ಹೊರಗೆ ಹರಡಿದೆಯೋ, ಚೀಲದ ಆಕಾರದಲ್ಲಿಯೇ ಸುತ್ತಿಕೊಂಡಿದೆಯೋ ಎಂದು ಎಲ್ಲರೂ ಮುಟ್ಟಿ ನೋಡಲಿ. ಬೇರು ಚೆನ್ನಾಗಿ ಹರಡಿದ್ದು, ಬುಡವೂ ಸರಿಯಾದ ಮಟ್ಟದಲ್ಲಿದ್ದರೆ ನನ್ನ ಊಹೆ ತಪ್ಪೆಂದು ಬರೆದು ಕಳುಹಿಸಿ; ಆ ಪತ್ರವನ್ನೂ ಇದೇ ಪುಟದಲ್ಲಿ ಪ್ರಕಟಿಸುತ್ತೇವೆ.

– ಸಂಪಾದಕ