ಮದುವೆ ಕೇಕಿನ ಮೂರೂ ಟಿಯರಿಗೆ (ಅಂತಸ್ತಿಗೆ) ಫೋಟೋದಲ್ಲಿ ಇದ್ದ ಹಾಗೇ ಲೇಸ್ ಡಿಸೈನ್ ಪೈಪ್ ಮಾಡುವುದು, ಅಂದ್ರೆ ಕೋನಿನಿಂದ ಐಸಿಂಗ್ ಒತ್ತಿ ಬಿಡಿಸುವುದು, ಹೇಗೆ?

ಫೋಟೋ ಪ್ರಿಂಟ್ ತೆಗೆದು, ಕೇಕ್ ಬೇಯಿಸುವ ಟಿನ್ನಿನ ಅಳತೆಗೆ ಸರಿಯಾಗಿ ದೊಡ್ಡದು ಚಿಕ್ಕದು ಮಾಡಿ ಟ್ರೇಸ್ ಮಾಡ್ಲಾ, ಇಲ್ಲ ಪ್ರೊಜೆಕ್ಟರ್ ತಗೊಳ್ಳಲಾ ಅಂತ ಕೇಳಿದ್ದೀರಿ. "ಟಿನ್ನಿನ ಅಳತೆ" ಅಂತ ಓದಿದ ಕೂಡಲೇ ಬರೀಲಿಕ್ಕೆ ಕೂತೆ. ದಯವಿಟ್ಟು ಟಿನ್ ಅಳೀಬೇಡಿ.

ನಾನು ಮಂಗಳೂರಿನಲ್ಲಿ ಮನೆಯಲ್ಲೇ ಕೇಕ್ ಮಾಡುವವಳು. ಇಲ್ಲಿಯ ಕ್ರಿಶ್ಚಿಯನ್ ಮದುವೆಗಳ ರಿಸೆಪ್ಷನ್ನಿನಲ್ಲಿ ಕೇಕ್ ಕಟ್ ಮಾಡಿ, ವೈನ್ ಹಿಡಿದು ಟೋಸ್ಟ್ ಹೇಳಿದ ಮೇಲೆಯೇ ಉಳಿದದ್ದು. ಹಾಗಾಗಿ ಕೇಕಿನ ಮೇಲೆ ಎಲ್ಲರ ಕಣ್ಣು. ಒಂದು ಮನೆಯವರು ಫೋಟೋ ಬದಲು ಒಂದು ಬಟ್ಟೆಯನ್ನೇ ತಂದು ಕೊಟ್ಟಿದ್ರು. ಮದುಮಗಳ ಅಜ್ಜಿ ಕ್ರೋಶಾ ಹಾಕಿದ, ಮನೆಯ ಅಲ್ತಾರಿಗೆ (ದೇವರ ಪೀಠಕ್ಕೆ) ಹಾಸುವ ಬಿಳಿ ಬಟ್ಟೆ. ಅಂಚಿಗೆ ಸಾಲಾಗಿ ಕಮಾನು, ಪ್ರತಿ ಕಮಾನಿನ ಒಳಗೆ ಐದು ದಳದ ಒಂದು ಹೂ, ಎರಡು ಕಮಾನು ಕೂಡುವಲ್ಲಿ ಮೂರು ಗುಂಡು. "ಮೂರೂ ಟಿಯರಿಗೆ ಇದೇ ಬರ್ಬೇಕು, ಅಮ್ಮ ನೋಡ್ಬೇಕು" ಅಂದ್ರು ಅಜ್ಜಿಯ ಮಗಳು.

ಟಿನ್ನುಗಳು 6, 9, 12 ಇಂಚಿನವು. ಈ ಮೂರರ ಅನುಪಾತ 2:3:4. ಹಾಗಾಗಿ ಮೇಲಿನದಕ್ಕೆ 8 ಕಮಾನು, ನಡುವಿನದಕ್ಕೆ 12, ಕೆಳಗಿನದಕ್ಕೆ 16 ಹಾಕಿದ್ರೆ ಎಲ್ಲ ಕಮಾನಿನ ಅಗಲವೂ ಒಂದೇ ಬರ್ತದೆ, ಹತ್ತಿರ ಹತ್ತಿರ 2.36 ಇಂಚು. ಲೆಕ್ಕ ಸರಿಯೇ ಇತ್ತು. ನಾನು ಅಷ್ಟೇ ಅಗಲದ ಒಂದು ಕಮಾನನ್ನು ರಟ್ಟಿನಲ್ಲಿ ಕತ್ತರಿಸಿ, ಕೇಕಿಗೆ ಒತ್ತಿ ಹಿಡಿದು, ಸೂಜಿಯಲ್ಲಿ ಗುರುತು ಹಾಕಿ ಪೈಪ್ ಮಾಡಿ, ಪಕ್ಕಕ್ಕೆ ಸರಿಸಿ ಮತ್ತೆ ಗುರುತು ಹಾಕಿ, ಹೀಗೆ ಸುತ್ತು ಬಂದೆ. ಕೆಳಗಿನ ಟಿಯರ್ ಮುಗಿಯುವಾಗ ಹಿಂದೆ ಸುಮಾರು ಒಂದೂವರೆ ಇಂಚು ಖಾಲಿ. ಒಂದು ಕಮಾನಿಗೆ ಸಾಲದು, ಹಾಗೇ ಬಿಡ್ಲಿಕ್ಕೆ ಆಗದು. ಹದಿನಾರು ಸಲ ಸರಿಸುವಾಗ ಕೈ ಚೂರು ಚೂರು ತಪ್ಪಿರಬೇಕು ಅಂದ್ಕೊಂಡೆ. ನಡುವಿನ ಟಿಯರನ್ನು ಉಸಿರು ಬಿಗಿಹಿಡಿದು ಮಾಡಿದೆ. ಅಲ್ಲಿಯೂ ಅಷ್ಟೇ ಜಾಗ ಉಳೀತು. ಮೇಲಿನ ಪುಟ್ಟ ಟಿಯರಿನಲ್ಲೂ ಅಷ್ಟೇ.

ಮೂರರಲ್ಲೂ ಒಂದೇ ಅಂತರ ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳ್ತೇನೆ, ಯಾಕಂದ್ರೆ ಇದೊಂದು ತಲೆಗೆ ಹೋದ್ರೆ ಉಳಿದದ್ದು ಸುಲಭ. ಟಿನ್ನಿನಿಂದ ತೆಗೆದ ಕೇಕಿಗೆ ನಾವು ಗನಾಶ್ (ಚಾಕೊಲೇಟ್, ಕ್ರೀಮಿನ ಮಿಶ್ರಣ) ಬಳಿಯುತ್ತೇವೆ, ಅದರ ಮೇಲೆ ಫಾಂಡೆಂಟ್ (ಹಾಳೆಯ ಹಾಗೆ ಲಟ್ಟಿಸಿದ ಸಕ್ಕರೆ ಕಣಕ) ಹೊದಿಸುತ್ತೇವೆ. ಎರಡೂ ಸೇರಿ ಕಾಲು ಇಂಚು ದಪ್ಪ ಅಂತಿಟ್ಟುಕೊಳ್ಳಿ. ಆ ಕಾಲು ಇಂಚು ಎರಡೂ ಬದಿಗೆ ಬರ್ತದೆ, ಅಂದ್ರೆ ವ್ಯಾಸ ಅರ್ಧ ಇಂಚು ಹೆಚ್ಚಾಯ್ತು. ಸುತ್ತಳತೆ ಬೇಕಾದ್ರೆ ವ್ಯಾಸವನ್ನು 3.14ರಿಂದ ಗುಣಿಸಬೇಕಲ್ಲ? ಅರ್ಧ ಇಂಚಿಗೆ 1.57 ಇಂಚು. ಕೇಕ್ 6 ಇಂಚಿನದಾದರೂ 12 ಇಂಚಿನದಾದರೂ ಈ 1.57 ಬದಲಾಗುವುದಿಲ್ಲ, ಯಾಕಂದ್ರೆ ಅದು ಬರುವುದು ಹೊದಿಕೆಯ ದಪ್ಪದಿಂದ, ಕೇಕಿನ ಗಾತ್ರದಿಂದ ಅಲ್ಲ. ನನ್ನ ಕೈ ತಪ್ಪಿರಲೇ ಇಲ್ಲ. ನಾನು ಅಳೆದದ್ದು ಟಿನ್ನು, ಪೈಪ್ ಮಾಡಿದ್ದು ಟಿನ್ನಿಗಿಂತ ದಪ್ಪವಾದ ಬೇರೆಯೇ ಒಂದು ವಸ್ತುವಿನ ಮೇಲೆ.

ಹೊಟ್ಟೆ ಉರಿಯುವ ವಿಷಯ ಏನಂದ್ರೆ, ಆ 1.57 ಇಂಚನ್ನು ಮೊದಲೇ ಹಂಚಿದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಕೆಳಗೆ 16 ಕಮಾನಿಗೆ ಹಂಚಿದ್ರೆ ಒಂದಕ್ಕೆ ಎರಡೂವರೆ ಮಿಲಿಮೀಟರ್. ಮೇಲೆ 8 ಕಮಾನಿಗೆ ಹಂಚಿದ್ರೂ ಐದೇ ಮಿಲಿಮೀಟರ್. ಹೊದಿಸಿದ ಕೇಕಿನಲ್ಲಿ ಕಮಾನಿನ ಅಗಲ 2.55, 2.49, 2.45 ಇಂಚು ಬರ್ತಿತ್ತು. ಒಂದರ ಮೇಲೆ ಒಂದು ಇಟ್ಟಾಗ ಈ ವ್ಯತ್ಯಾಸವನ್ನು ಕಣ್ಣು ಹಿಡಿಯುವುದಿಲ್ಲ. ಒಂದೇ ಕಡೆ ಒಂದೂವರೆ ಇಂಚಿನ ಬಿಡುವನ್ನು ಮಾತ್ರ ತಕ್ಷಣ ಹಿಡಿಯುತ್ತದೆ.

ಅಳಿಸಿ ಮತ್ತೆ ಮಾಡ್ಲಿಕ್ಕೆ ನೋಡಿದೆ. ಒಣಗಿದ ರಾಯಲ್ ಐಸಿಂಗನ್ನು (ಲೇಸ್ ಬಿಡಿಸಿದ, ಸಕ್ಕರೆ ಮತ್ತು ಮೊಟ್ಟೆ ಬಿಳಿಯ ಐಸಿಂಗ್) ಒದ್ದೆ ಬ್ರಶ್ಶಿನಲ್ಲಿ ನೆನೆಸಿ ತೆಗೆದ ಕಡೆ ಫಾಂಡೆಂಟ್ ಕರಗಿ ಮಿರಮಿರ ಮಿಂಚುವ ಕಲೆ ಆಯ್ತು. ಹೊಸತಾಗಿ ಹೊದಿಸಿ ಒಣಗಿಸುವಷ್ಟು ಸಮಯ ಇರಲಿಲ್ಲ. ಮೂರೂ ಖಾಲಿ ಜಾಗವನ್ನು ಒಂದೇ ನೇರಕ್ಕೆ ತಂದು, ಮೇಲಿಂದ ಕೆಳಗಿನವರೆಗೆ ಸಕ್ಕರೆ ಗುಲಾಬಿ ಇಳಿಬಿಟ್ಟೆ. ಆದ್ರೆ ಹಾಲಿನಲ್ಲಿ ಕೇಕಿನ ಮೇಜು ಗೋಡೆಗೆ ತಾಗಿ ಇರಲಿಲ್ಲ, ನಟ್ಟನಡುವೆ ಇತ್ತು. ಅಜ್ಜಿಯನ್ನು ಕೂರಿಸಿದ್ದು ಸರಿಯಾಗಿ ಆ ಬದಿಗೆ. ಅವರು ಹೂವಿನ ಅಂಚಿನಲ್ಲಿ ನಿಂತುಹೋದ ಕಮಾನಿನ ಮೇಲೆ ಬೆರಳು ತೋರಿಸಿ, ಇಲ್ಲಿ ನೂಲು ಯಾಕೆ ತುಂಡಾಗಿದೆ ಅಂತ ಮಗಳ ಹತ್ರ ಕೊಂಕಣಿಯಲ್ಲಿ ಕೇಳಿದ್ರು. ದುಡ್ಡು ಪೂರ್ತಿ ಕೊಟ್ರು, ಒಂದು ಮಾತು ಆಡಲಿಲ್ಲ. ಮದುಮಗಳ ತಂಗಿಯ ಮದುವೆಯ ಕೇಕ್ ಮಾತ್ರ ಬೇರೆಯವರಿಗೆ ಹೋಯ್ತು.

ಈಗ ನಾನು ಮಾಡುವುದು ಹೀಗೆ. ಫಾಂಡೆಂಟ್ ಹೊದಿಸಿ ಒಂದು ರಾತ್ರಿ ಬಿಟ್ಟು, ಬಟರ್ ಪೇಪರಿನ ಪಟ್ಟಿಯನ್ನು ಕೇಕಿನ ಸುತ್ತ ಹಿಡಿದು, ತುದಿಗೆ ತುದಿ ಕೂಡುವಲ್ಲಿ ಕತ್ತರಿಸುತ್ತೇನೆ. ಸ್ಕೇಲೂ ಬೇಡ, 3.14ರ ಲೆಕ್ಕವೂ ಬೇಡ. ಪಟ್ಟಿಯನ್ನು ಅರ್ಧಕ್ಕೆ ಮೂರು ಸಲ ಮಡಚಿದ್ರೆ 8, ನಾಲ್ಕು ಸಲಕ್ಕೆ 16. 12 ಬೇಕಾದ್ರೆ ಮೊದಲು ಮೂರು ಪಾಲು, ಆಮೇಲೆ ಎರಡು ಸಲ ಅರ್ಧ. ಬಿಡಿಸಿ, ಮಡಿಕೆಯಿಂದ ಮಡಿಕೆಗೆ ಕಮಾನು ಬರೆದು, ಪಟ್ಟಿಯನ್ನು ಮತ್ತೆ ಕೇಕಿಗೆ ಸುತ್ತಿ, ಗೆರೆಯ ಮೇಲೆ ಸೂಜಿಯಿಂದ ಚುಚ್ಚುತ್ತೇನೆ. ಪೂರ್ತಿ ಸುತ್ತಿಗೆ ಗುರುತು ಬಿದ್ದ ಮೇಲೆಯೇ ಕೋನ್ ಕೈಗೆ ತಗೊಳ್ಳುವುದು.

ನಿಮ್ಮ ಫೋಟೋದ ಬಗ್ಗೆ ನನ್ನ ಅಭಿಪ್ರಾಯ ಖಡಾಖಂಡಿತ: ಅದನ್ನು ಟ್ರೇಸ್ ಮಾಡಲೇಬಾರದು. ಕೇಕ್ ಉರುಟು, ಫೋಟೋ ಚಪ್ಪಟೆ. ನಡುವಿನ ಕಮಾನಿನ ಅಗಲ ಮಾತ್ರ ಫೋಟೋದಲ್ಲಿ ನಿಜವಾದದ್ದು, ಬದಿಗೆ ಹೋದ ಹಾಗೆ ಎಲ್ಲವೂ ಕಿರಿದಾಗ್ತಾ ಹೋಗ್ತದೆ. ಪ್ರೊಜೆಕ್ಟರ್ ಬೆಳಕನ್ನು ಉರುಟು ಮೈಗೆ ಬಿಟ್ರೂ ಸರಿಯಾಗಿ ಬೀಳುವುದು ನಡುವೆ ಮಾತ್ರ, ಅಲ್ಲಿಯೂ ನಿಮ್ಮ ಕೈಯ ನೆರಳು ಅಡ್ಡ. ಫೋಟೋದಿಂದ ತಗೊಳ್ಳಬೇಕಾದದ್ದು ಒಂದು ಕಮಾನು, ಒಂದು ಹೂ, ಅಷ್ಟೇ. 2011ರಲ್ಲಿ ಬ್ರಿಟನ್ನಿನ ರಾಜಕುಮಾರ ವಿಲಿಯಂ ಮತ್ತು ಕ್ಯಾಥರಿನ್ ಮದುವೆಗೆ ಫಿಯೋನಾ ಕೇರ್ನ್ಸ್ ಮಾಡಿದ 8 ಟಿಯರಿನ ಕೇಕ್ ನೋಡಿ. ಅದರ ಮೇಲಿನ ತೋರಣದ ಸಾಲು ಬಕಿಂಗ್‌ಹ್ಯಾಮ್ ಅರಮನೆಯ ಪಿಕ್ಚರ್ ಗ್ಯಾಲರಿಯ ಗೋಡೆಯ ಅಲಂಕಾರದಿಂದ ಬಂದದ್ದು. ಗೋಡೆಯಿಂದ ಕೇಕಿಗೆ ಬರುವಾಗ ಅದು ಕೇಕಿನ ಅಳತೆಗೆ ಬಗ್ಗಲೇಬೇಕು. ಫೋಟೋದಲ್ಲಿ ಇದ್ದ ಹಾಗೇ ಬೇಕು ಅನ್ನುವ ಹಟವನ್ನು ಮನೆಯವರ ಹತ್ರ ಮಾತಾಡಿ ಮೊದಲೇ ಬಿಡಿಸಿ.

ಆ ಕೇಕಿನಲ್ಲಿ ಕಾಣುವ ಲ್ಯಾಂಬೆತ್ ಶೈಲಿಯಲ್ಲಿ ಗೆರೆಯ ಮೇಲೆ ಗೆರೆ ಕೂರಿಸುತ್ತಾರೆ. ಮೊದಲು ದಪ್ಪ ನಾಝಲ್ (ಕೋನಿನ ತುದಿಯ ಕೊಳವೆ), ಒಣಗಿದ ಮೇಲೆ ಅದಕ್ಕಿಂತ ಸಪೂರ, ಕೊನೆಗೆ ತುಂಬ ಸಪೂರದ ಒಂದನೇ ನಂಬರ್. ಹೊಸಬರಿಗೆ ಇದು ಒಳ್ಳೆಯದು ಮಾರಾಯ್ರೇ, ಅಡಿಗೆರೆಯ ಸಣ್ಣ ನಡುಕ ಮೇಲಿನ ಗೆರೆಯಲ್ಲಿ ಮುಚ್ಚಿಹೋಗ್ತದೆ. ಕೋನನ್ನು ಕೇಕಿಗೆ ತಾಗಿಸಿ ಎಳೀಬೇಡಿ. ತುದಿ ತಾಗಿಸಿ, ಒತ್ತುತ್ತಾ ದೂರಕ್ಕೆ ಎತ್ತಿ, ಎಳೆ ಗಾಳಿಯಲ್ಲಿ ತಾನಾಗಿ ಬಾಗುವಾಗ ಮುಂದಿನ ಚುಕ್ಕಿಯಲ್ಲಿ ಮೆಲ್ಲ ತಾಗಿಸಿ ಬಿಡಿ. ಕಮಾನಿನ ಬಾಗು ಎಳೆಯ ಭಾರದಿಂದಲೇ ಬರ್ತದೆ. ಅಭ್ಯಾಸಕ್ಕೆ ಟಿನ್ನನ್ನು ಕವುಚಿ ಹಾಕಿ ಅದರ ಬದಿಗೆ ಪೈಪ್ ಮಾಡಿ, ಕೆರೆದು ತೆಗೆದು ಮತ್ತೆ ಮಾಡಿ. ಟಿನ್ನಿನ ಉಪಯೋಗ ಅಲ್ಲಿ ಉಂಟು.

ಐಸಿಂಗಿಗೆ ಅರ್ಧ ಕೆಜಿ ಐಸಿಂಗ್ ಶುಗರ್, ಎರಡರಿಂದ ಮೂರು ಮೊಟ್ಟೆಯ ಬಿಳಿ, ಕೆಲವು ಹನಿ ಲಿಂಬೆರಸ. ಹಸಿ ಮೊಟ್ಟೆ ಬೇಡವಾದ್ರೆ ಒಣಗಿಸಿದ ಮೊಟ್ಟೆ ಬಿಳಿಯ ಮೆರಿಂಗ್ ಪೌಡರ್. ಮೊಟ್ಟೆಯೇ ಬೇಡ ಅನ್ನುವವರು ಪುಣೆಯ ಪ್ರಾಚಿ ಧಬಲ್ ದೇಬ್ ಅವರ ಕೆಲಸ ನೋಡಿ, ಮೊಟ್ಟೆ ಇಲ್ಲದ ರಾಯಲ್ ಐಸಿಂಗಿನಲ್ಲಿ ಅರಮನೆ, ಚರ್ಚುಗಳನ್ನೇ ಕಟ್ಟಿದ್ದಾರೆ. ನಮ್ಮಲ್ಲಿ ಪ್ಯಾಕೆಟಿನ ಐಸಿಂಗ್ ಶುಗರಿನಲ್ಲಿ ಹೆಚ್ಚಾಗಿ ಕಾರ್ನ್‌ಫ್ಲೋರ್ ಇರ್ತದೆ, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯದಿದ್ರೆ ಒಂದನೇ ನಂಬರ್ ನಾಝಲ್ ಕಟ್ಟಿಕೊಳ್ತದೆ. ಪಾತ್ರೆಯಲ್ಲಿ ಎಣ್ಣೆಯ ಪಸೆ ಇದ್ರೆ ಐಸಿಂಗ್ ಗಟ್ಟಿಯಾಗುವುದೇ ಇಲ್ಲ, ತಲೆಗೆ ತೆಂಗಿನೆಣ್ಣೆ ಹಾಕಿದ ಕೈಯಲ್ಲಿ ಮುಟ್ಟಬೇಡಿ. ಪೈಪ್ ಮಾಡಿದ ಕೇಕನ್ನು ಫ್ರಿಜ್ಜಿನಲ್ಲಿ ಇಡಲೇಬೇಡಿ. ಹೊರಗೆ ತೆಗೆದಾಗ ಬೆವರಿ, ಎಳೆಗಳು ಕಣ್ಣೆದುರೇ ಕರಗುತ್ತವೆ. ಮಳೆಗಾಲದ ಮದುವೆಯಾದ್ರೆ ಎಸಿ ಹಾಕಿದ ಕೋಣೆಯಲ್ಲಿ ಒಣಗಿಸಿ. ಒಳಗಿನದು ಫ್ರೂಟ್ ಕೇಕ್ ಆಗಿರಲಿ, ಅದಕ್ಕೆ ಫ್ರಿಜ್ ಬೇಕಾಗುವುದಿಲ್ಲ. ತಾಜಾ ಕ್ರೀಮ್ ಕೇಳಿದ್ರೆ ನಾನಂತೂ ಈ ಡಿಸೈನ್ ಒಪ್ಪಿಕೊಳ್ಳುವುದಿಲ್ಲ.

ಪ್ರೊಜೆಕ್ಟರಿನ ದುಡ್ಡಿಗೆ ಕೇಕ್ ಇಟ್ಟು ತಿರುಗಿಸುವ, ಓರೆ ಮಾಡ್ಲಿಕ್ಕೂ ಆಗುವ ಒಂದು ಟರ್ನ್‌ಟೇಬಲ್ ತಗೊಳ್ಳಿ. ಫಾಂಡೆಂಟ್ ಹೊದಿಸಿ ಆದ ಮೇಲೆ ಮೂರು ಪಟ್ಟಿಯ ಉದ್ದ, ನಿಮ್ಮ ಫೋಟೋದ ಒಂದು ಕಮಾನಿನ ಅಗಲ ಮತ್ತು ಎತ್ತರ ಕೆಳಗೆ ಬರೆಯಿರಿ, ಯಾವ ಟಿಯರಿಗೆ ಎಷ್ಟು ಕೂರ್ತದೆ ಅಂತ ಲೆಕ್ಕ ಹಾಕಿ ಹೇಳ್ತೇನೆ.